ಅಮ್ಮನ ‘ಹೂಂ’

ಸರಸ್ವತಿಪುರಂ, ಮೈಸೂರು
ಸೋಮವಾರ, ೧೦ ನವೆಂಬರ್ ೨೦೨೫

ನನ್ನ ಮುದ್ದು ಅಮ್ಮಾ,

ನಮ್ಮ ಸೆಂಟನ್ನು ಮುಂಬೈ ಅಂಗಡಿಯವರು ಒಪ್ಪಿಬಿಟ್ಟರು ಅಮ್ಮಾ, ಅಪ್ಪನ ಹೆಸರಿನಲ್ಲೇ, ನೂರು ಸೀಸೆ! ಮೊದಲು ಕ್ಷೇಮ ಕೇಳಬೇಕಿತ್ತು, ತಡೆಯಲಾಗಲಿಲ್ಲ. ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ? ಅರಸೀಕೆರೆಯಲ್ಲಿ ಚಳಿ ಶುರುವಾಯಿತಾ? ಚೆಲುವರಾಜು ಮಾವನ ಮನೆಯ ಅಡುಗೆ ಈಗಲೂ ನಿನ್ನದೇನಾ? ಫೋನ್ ಮಾಡಿದರೆ ಎಲ್ಲದಕ್ಕೂ ‘ಚೆನ್ನಾಗಿವ್ನಿ ಬುಡು’ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಇಂಗ್ಲಿಷ್ ಮೀಡಿಯಂನವಳ ಒತ್ತಕ್ಷರ ನೋಡಿ ನಗಬೇಡ.

ನಿನ್ನ ಅಳಿಯ ವಸಂತ್ ಬಗ್ಗೆ ಬರೆದರೆ ಹಾಳೆ ಸಾಲದು. ಮದುವೆಯಾಗಿ ನಾಲ್ಕು ತಿಂಗಳಾದರೂ ಬೆಳಗಿನ ಕಾಫಿ ಅವರೇ ಮಾಡಿಕೊಡುತ್ತಾರೆ (ಮಾವನ ಮನೆಯಲ್ಲಿ ಹೇಳಬೇಡ!). ಮಹಡಿಯ ಪುಟ್ಟ ಕೋಣೆಯೇ ನಮ್ಮ ಸೆಂಟಿನ ಕಾರ್ಖಾನೆ. ಶ್ರೀಗಂಧ, ಅಗರು, ದೇವದಾರು, ಹಾಲುಮಡ್ಡಿ, ಸಾಂಬ್ರಾಣಿ, ಹೀಗೆ ಅಪ್ಪ ಊದುಬತ್ತಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಲಸಿದ್ದೆಲ್ಲ ಇದರಲ್ಲಿದೆ. ಯಾವುದು ಎಷ್ಟೆಂದು ಮಾತ್ರ ಅಪ್ಪ ಎಲ್ಲೂ ಬರೆದಿಡಲಿಲ್ಲ. ಸಂಜೆ ಕೆಸರೆಯ ಮನೆಗೆ ಬಂದಾಗ ಅವರ ಅಂಗಿಯಿಂದ ಬರುತ್ತಿತ್ತಲ್ಲ, ಅದನ್ನು ನೆನಪಿನಿಂದಲೇ ಹುಡುಕಿದೆ. ಹನ್ನೊಂದು ಸಲ ಹದ ತಪ್ಪಿತು.

ಹೊಸ ಮಸಾಲೆ ಕಲಸಿದ ದಿನ ಅಪ್ಪ ಒಂದೇ ಒಂದು ಕಡ್ಡಿ ತಂದು ಬುದ್ಧನ ಫೋಟೋ ಮುಂದೆ ಹಚ್ಚುತ್ತಿದ್ದರು. ನೀನು ಊದುಬತ್ತಿ ಹೊಸೆಯುವುದು ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದೆ. ನೀನು ‘ಹೂಂ’ ಅನ್ನುವವರೆಗೆ ಅವರು ಕಾಫಿ ಲೋಟ ಮುಟ್ಟುತ್ತಿರಲಿಲ್ಲ. ‘ನಿಮ್ಮವ್ವ ಹೂಂ ಅನ್ನದೆ ಒಂದು ಕಡ್ಡೀನೂ ಆಚೆಗೋಗಲ್ಲ ಕಣೇ’ ಅನ್ನುತ್ತಿದ್ದರು. ಅದಕ್ಕೇ ನಾನೂ ಹನ್ನೆರಡನೆಯ ಹದವನ್ನು ಸೀಸೆಯಲ್ಲಿ ತುಂಬಿ ನಿನಗೇ ಮೊದಲು ಕಳಿಸಿದ್ದು. ‘ನಿಮ್ಮಪ್ಪನೇ ಬಂದು ನಿಂತಂಗಾಯ್ತು ಕಣಮ್ಮ, ಇನ್ನೇನೂ ಸೇರಿಸಬ್ಯಾಡ’ ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಅತ್ತುಬಿಟ್ಟೆ. ಆ ಒಂದು ಮಾತಿನ ಮೇಲೆ ‘ಮಹದೇವ’ ಅಂತ ಅಪ್ಪನ ಹೆಸರಿಟ್ಟು ಮುಂಬೈಗೆ ಕಳಿಸಿದೆವು.

ಆದರೂ ಎರಡು ದಿನದಿಂದ ಊಟ ಸೇರುತ್ತಿಲ್ಲ. ವಸಂತ್ ಕೇಳಿದರೆ ತಲೆನೋವು ಅನ್ನುತ್ತೇನೆ. ಮದುವೆಗೆ ಮುಂಚೆ ನಿನ್ನ ಟ್ರಂಕಿನಲ್ಲಿ, ಅಪ್ಪನ ತೊಳೆಯದ ಅಂಗಿಯ ಮಡಿಕೆಯಲ್ಲಿ ನುಸಿಗುಳಿಗೆ ಕಂಡು ಕೂಗಾಡಿದ್ದೆನಲ್ಲ, ಉಳಿದಿದ್ದ ಅಪ್ಪನ ವಾಸನೆಯನ್ನೂ ನೀನು ಕೊಂದುಬಿಟ್ಟೆ ಅಂತ. ನೀನು ಟ್ರಂಕು ಮುಚ್ಚಿಬಿಟ್ಟೆ. ಚಪ್ಪರದ ದಿನ ಹಾಲು ತಳಹಿಡಿದು ವಾಸನೆ ಬೀದಿಗೆ ಬಂದಿತ್ತು. ನೀನು ಒಲೆಗೆ ಬೆನ್ನುಹಾಕಿ ಕೂತು ಹೂ ಕಟ್ಟುತ್ತಲೇ ಇದ್ದೆ. ಮಗಳ ಮದುವೆಯ ಗುಂಗು ಅಂತ ಎಲ್ಲರೂ ಗೇಲಿ ಮಾಡಿದರು. ನಾನೇ ಜಾಸ್ತಿ ನಕ್ಕೆ.

ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು. ವಸಂತ್ ನಿನ್ನ ಕೈಯ ಬಸ್ಸಾರು ನೆನೆಯುತ್ತಿರುತ್ತಾರೆ. ನಿನ್ನ ಕಾಲಿಗೆ ಬಿದ್ದು, ಎದ್ದು, ಕೆನ್ನೆಗೊಂದು ಮುತ್ತು.

ನಿನ್ನ
ಕೀರ್ತಿ

ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಶನಿವಾರ ಕಪಾಟು ಒರೆಸುವಾಗ ನಿನಗೆಂದು ತುಂಬಿದ್ದ ಸೀಸೆ ಇಲ್ಲೇ ಸಿಕ್ಕಿತು. ಪಕ್ಕದ ಸೀಸೆಯೂ ಅದೇ ತರಹದ್ದು, ಅದಲುಬದಲಾಗಿಬಿಟ್ಟಿದೆ. ನಿನಗೆ ಬಂದಿದ್ದು ನಾವು ಸೀಸೆ ತೊಳೆಯುವ ಬರೀ ಸ್ಪಿರಿಟ್ಟು. ಅದರಲ್ಲಿ ಒಂದು ಹನಿ ಗಂಧವೂ ಇರಲಿಲ್ಲ ಅಮ್ಮಾ. ಅಪ್ಪನನ್ನು ಕೊಂಡೊಯ್ದ ಜ್ವರ ನಿನಗೂ ಬಂದಿತ್ತಲ್ಲ, ಅದರಲ್ಲೇ ನಿನಗೆ ವಾಸನೆ ತಿಳಿಯುವುದು ಹೋಯಿತಾ? ಅವರ ತಲೆಯ ಹತ್ತಿರ ಹಚ್ಚಿದ ಕಡ್ಡಿಯೂ ನಿನಗೆ ಗೊತ್ತಾಗಲಿಲ್ಲವಾ? ನಾಲ್ಕು ವರ್ಷ ಒಬ್ಬಳೇ ಹೇಗೆ ಮುಚ್ಚಿಟ್ಟುಕೊಂಡೆ? ನನಗೆ ಕೋಪವಿಲ್ಲ. ಗ್ಯಾಸಿನ ರೆಗ್ಯುಲೇಟರ್ ಮಾತ್ರ ಪ್ರತಿಸಲ ಆಫ್ ಮಾಡು, ನನ್ನಾಣೆ. ಅಪ್ಪನ ಹೆಸರು ಈಗಲೇ ಹಾಕಬೇಡಿ ಅಂತ ಮುಂಬೈಗೆ ಬರೆದಿದ್ದೇನೆ. ಸರಿಯಾದ ಸೀಸೆ ತರುತ್ತೇನೆ. ಅಪ್ಪ ಮೊದಲು ಏನು ಕಲಸುತ್ತಿದ್ದರು, ಕೊನೆಗೆ ಏನು, ಅಂಗಿ ಒಗೆದರೆ ನೀರು ಯಾವ ಬಣ್ಣವಾಗುತ್ತಿತ್ತು, ನೆನಪಿದ್ದಷ್ಟು ನೀನು ಹೇಳುತ್ತಾ ಹೋಗು, ನಾನು ಮೂಸುತ್ತೇನೆ. ಸ್ಟೇಷನ್ನಿಗೆ ಬರಬೇಡ, ಮಂಡಿನೋವು. ೧೫ರ ಶನಿವಾರ, ತಾಳಗುಪ್ಪ ಇಂಟರ್‌ಸಿಟಿಯಲ್ಲಿ ಬರುತ್ತೇನೆ.