ಬದುಕಿರುವವಳ ಪಟ

ಕೋಟೆ ಬೀದಿ, ಮಧುಗಿರಿ
12-2-1978

ಪ್ರೀತಿಯ ಅಣ್ಣಾ,

ಹುಬ್ಬಳ್ಳಿಯ ಚಳಿಗೆ ನಿನ್ನ ಸೊಂಟನೋವು ಹೇಗಿದೆ? ವರ್ಕ್‌ಶಾಪಿನಲ್ಲಿ ಭಾರ ಎತ್ತಬೇಡವೆಂದು ಅವ್ವ ಹೇಳಿದ್ದಾಳೆ. ಅವಳು ಗಟ್ಟಿಯಾಗಿದ್ದಾಳೆ.

ನಿನ್ನ ಕಾಗದ ಬಂತು. ಅವ್ವನ ಪಟ ಇಳಿಸಬೇಕು, ಅದನ್ನು ಬರೆದ ಬಿಳಿ ಹೆಂಗಸನ್ನು ನಮ್ಮ ಹೊರಕೋಣೆಯಿಂದ ಬಿಡಿಸಬೇಕು ಎಂದಿದ್ದೀಯ. ಎರಡೂ ಆಗುವುದಿಲ್ಲ. ನಡೆದದ್ದು ಇಷ್ಟು. ನಮ್ಮಲ್ಲಿ ಗೋಡೆಗೆ ಹಾಕುವುದು ಸತ್ತವರ ಪಟವನ್ನು ಮಾತ್ರ. ಪಾವಗಡದಿಂದ ಬಂದ ಕೆಂಚಮ್ಮತ್ತೆ, ಅಪ್ಪನ ಫೋಟೋ ಪಕ್ಕದಲ್ಲಿ ಅವ್ವನನ್ನು ಕಂಡವಳೇ ಹೊಸ್ತಿಲಲ್ಲಿ ಕೂತು ಎದೆ ಬಡಿದುಕೊಂಡಳು. ಅವ್ವ ಮುದ್ದೆಕೋಲು ಹಿಡಿದೇ ಒಳಗಿನಿಂದ ಬಂದು, “ಯಾರಮ್ಮೀ ಸತ್ತೋರು? ಅತ್ತಿದ್ ಸಾಕು, ಕಾಲ್ ತೊಳ್ಕಾ, ಮುದ್ದೆ ಆರೋಯ್ತದೆ” ಅಂದಳು. ಅತ್ತೆ ಉಂಡಳು. ಉಂಡ ಮೇಲೆ ಅಪಶಕುನವೆಂದು ನಿನಗೆ ಬರೆಸಿದಳು.

ನೀನು ಬಿಳಿ ಹೆಂಗಸು ಎಂದ ಎಡ್ನಮ್ಮನನ್ನು ನೀನು ನೋಡಿಲ್ಲ. ಅವರು ಅಮೆರಿಕದಲ್ಲಿ ಗೋಧಿ ಬೆಳೆಯುವವರ ಮಗಳು. ಅಲ್ಲಿನ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಿದ್ದರು. ಶಾಲೆಯವರು ಹೂವು ಹಣ್ಣು ಬರೆಯಿರೆಂದರೆ ಅಲ್ಲಿ ಕಸ ಗುಡಿಸುವವಳನ್ನು ಕೂರಿಸಿ ಬರೆದು, ಸಭಾಂಗಣದಲ್ಲಿ ಹಾಕಿ, ಕೆಲಸ ಕಳೆದುಕೊಂಡರು. ಪಾಠ ನಿಲ್ಲಿಸಲಿಲ್ಲ, ಮನೆಯ ಜಗಲಿಯಲ್ಲೇ ನಡೆಸಿದರು. ಚಿತ್ರಗಳು ಎಷ್ಟೋ ವರ್ಷ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ತಲೆ ನರೆತ ಮೇಲೆ ಅದೇ ಊರಿನವರು ಪ್ರದರ್ಶನ ಮಾಡುತ್ತೇವೆಂದು ಬಂದಾಗ, ಮೊದಲು ಆ ಗುಡಿಸುವವಳ ಚಿತ್ರ ಹಾಕಿ, ಆಮೇಲೆ ಉಳಿದದ್ದು ಎಂದು ಇವರು ಹೇಳಿದರಂತೆ. ಹಾಕಿದರು. ಆಮೇಲೆ ಎಡ್ನಮ್ಮ ಇಲ್ಲಿಗೆ ಬಂದು ನಮ್ಮ ಹುಡುಗಿಯರಿಗೆ ಕಲಿಸುತ್ತಿದ್ದಾರೆ. ಮೊದಲು ಕೈ ಬರೆಸುತ್ತಾರೆ, ಮುಖ ಕೊನೆಗೆ. “ಮುಖ ನಾಟಕ ಮಾಡ್ತದೆ, ಕೈ ಮಾಡಲ್ಲ” ಎಂದು ಅವರ ಹರುಕು ಕನ್ನಡದಲ್ಲಿ ಹೇಳುತ್ತಾರೆ. ಪಟದಲ್ಲೂ ಅವ್ವನ ಕೈಯೇ ಮುಂದಿದೆ, ಹಿಟ್ಟು ಮೆತ್ತಿಕೊಂಡು, ಬೆರಳು ಸೊಟ್ಟಗಾಗಿ. ಚೆಂದ ಮಾಡಿಲ್ಲ.

ನಿನ್ನ ಕಾಗದವನ್ನು ಅವ್ವನಿಗೆ ಪೂರ್ತಿ ಓದಿದೆ. “ಸತ್ ಮೇಲೆ ಹಾಕುದ್ರೆ ನಾನ್ ನೋಡಾಕಾಯ್ತದಾ? ಇರ್ಲಿ ಬುಡು” ಅಂದಳು. ಬೀದಿಯವರು ಬಂದು ನೋಡಿ ಹೋಗುತ್ತಾರೆ; ಅವ್ವ ಪಟದ ಕೆಳಗೇ ಕೂತು ಅವರಿಗೆ ಎಲೆ ಅಡಿಕೆ ಕೊಡುತ್ತಾಳೆ.

ಅತ್ತಿಗೆಗೆ ನನ್ನ ನೆನಪು ಹೇಳು. ಮಗುವಿಗೆ ಅವ್ವನ ಆಶೀರ್ವಾದ.

ನಿನ್ನ ತಂಗಿ,
ನರಸಿಂಹಮ್ಮ

ವಿ.ಸೂ.: ಅಂಚೆಯವನು ಬಂದ, ಬೇಗ ಬರೆಯುತ್ತೇನೆ. ನೀವೆಲ್ಲ ಅಂದುಕೊಂಡ ಹಾಗೆ ಪಟ ಬರೆದವರು ಎಡ್ನಮ್ಮ ಅಲ್ಲ, ನಾನು. ಅವರು ಪಕ್ಕದಲ್ಲಿ ಕೂತಿದ್ದರು, ಒಂದು ಗೆರೆಯನ್ನೂ ತಿದ್ದಲಿಲ್ಲ. ಬರೆದವಳು ಮನೆ ಬಿಡಬೇಕಾದರೆ ಬಿಡಬೇಕಾದವಳು ನಾನು. ಬಿಡುವುದಿಲ್ಲ.