ಗಸಗಸೆ ಸುರುಳಿ ತಂದವರು ಕೇಳದ ಪ್ರಶ್ನೆ

ಗೆರ್ಗೆಯ್ ಅಣ್ಣಾ,

ಪೇಚ್ ಊರಿಗೆ ಬಂದು ಸೇರಿದೆ, ಕೆಮ್ಮು ನಿಂತಿದೆ. ಎತ್ತ ನೋಡಿದರೂ ಗುಡ್ಡ. ಬಯಲಲ್ಲಿ ಬೆಳೆದ ನನಗೆ ಉಸಿರು ಕಟ್ಟುತ್ತದೆ. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಈ ಕಾರ್ಡು.

ಇವತ್ತು ಮನೋರೋಗದ ವಾರ್ಡಿನಲ್ಲಿ ನಮಗೆ ಮೊದಲ ಪಾಠ. ಹೆಂಡತಿ ಸತ್ತ ಮೇಲೆ ಮಾತು ಬಿಟ್ಟಿದ್ದ ಲೋರಿಂಟ್ಸ್ ಎಂಬ ಮುದುಕನ ಪಕ್ಕ ಕೂತು ನಮಗೆ ಕಲಿಸುವ ಡಾಕ್ಟರಮ್ಮ ನಿದ್ದೆ ವಿಚಾರಿಸಿದರು, ಊಟ ವಿಚಾರಿಸಿದರು, ಅದೇ ದನಿಯಲ್ಲಿ "ಲೋರಿಂಟ್ಸ್ ಮಾವ, ಸಾಯ್ಬೇಕು ಅನ್ಸುತ್ತಾ?" ಅಂದರು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಎಂದುಕೊಂಡಿದ್ದೆ. ಹಾಗೇನೂ ಆಗುವುದಿಲ್ಲವಂತೆ, ಆಮೇಲೆ ಡಾಕ್ಟರಮ್ಮನೇ ಹೇಳಿದರು. ಮುದುಕ ದೊಡ್ಡದಾಗಿ ಉಸಿರು ಬಿಟ್ಟ.

"ದಿನಾ ಅನ್ಸುತ್ತಮ್ಮಾ. ಬೀದಿಯೋರೆಲ್ಲ ಗಸಗಸೆ ಸುರುಳಿ ಮಾಡ್ಕೊಂಡು ಬಂದ್ರು, ಹೊಟ್ಟೆ ಒಡೆಯೋಷ್ಟು ತಿನ್ಸಿದ್ರು. ಇದೊಂದನ್ನ ಮಾತ್ರ ಯಾರೂ ಕೇಳ್ಲಿಲ್ಲ ನೋಡಿ."

ಆಮೇಲೆ ಊಟದ ಗಂಟೆ ಹೊಡೆಯುವವರೆಗೂ ಮಾತಾಡಿದ.

ಅಣ್ಣಾ, ಮಾರ್ಗಿತ್ ಅತ್ತಿಗೆ ಬಿಟ್ಟುಹೋದ ಮೇಲೆ ನಾವೂ ನಿನಗೆ ತಿನ್ನಿಸುತ್ತಲೇ ಇದ್ದೇವೆ. ಮನೆಗೆ ಫೋನಿಲ್ಲ, ಶನಿವಾರದ ರೈಲಿಗೆ ನಾನು ಊರಿಗೆ ಬರುವವರೆಗೆ ಕಾಯಲು ನನ್ನಿಂದಾಗದು. ನಿನಗೂ ಸಾಯಬೇಕು ಅನ್ನಿಸುತ್ತಾ? ಹೌದಾದರೆ ಹೌದು ಅನ್ನು.

ಪೋಸ್ಟಿನ ಇರ್ಮಕ್ಕಾ, ಊರಿನ ಕಾರ್ಡುಗಳನ್ನೆಲ್ಲ ಓದುವ ನೀವು ಇದನ್ನೂ ಓದಿರುತ್ತೀರಿ. ದಯವಿಟ್ಟು ಡಬ್ಬಿಗೆ ಹಾಕಬೇಡಿ. ಬಾಗಿಲು ಬಡಿದು ಅಣ್ಣನ ಕೈಗೇ ಕೊಡಿ. ತಿನ್ನಲು ಏನೂ ಒಯ್ಯಬೇಡಿ; ಅವನು ಉತ್ತರ ಹೇಳುವವರೆಗೆ ಅಲ್ಲೇ ಕೂತಿರಿ.

ಬೋರೊಕಾ