ಹಲಗೆ ಬಾರಿಸಿದ್ದಕ್ಕೇ ಸತ್ತರೇ?

ಮುರಗೋಡ
೮ ಜುಲೈ ೧೯೯೯

ಪ್ರೀತಿಯ ವಿರೂಪಾಕ್ಷ ಮಾಮಾ ಅವರಿಗೆ,

ಶೀತಲಳ ನಮಸ್ಕಾರಗಳು. ಕ್ಷೇಮ ಎಂದು ಬರೆಯುವ ಹಾಗೆ ನಾವಿಲ್ಲ, ಕ್ಷೇಮವೇ ಎಂದು ಕೇಳುವ ಹಾಗೆ ನೀವೂ ಇಲ್ಲ. ಅಕ್ಕ ತೀರಿಕೊಂಡ ತಂತಿ ಮುಟ್ಟಿತೆಂದೂ ಗಡಿಯಲ್ಲಿ ಯುದ್ಧ ನಡೆದಿರುವುದರಿಂದ ರಜೆ ಸಿಗಲಿಲ್ಲವೆಂದೂ ನಿಮ್ಮ ಕಾರ್ಡಿನಿಂದ ತಿಳಿಯಿತು. ಮಣ್ಣು ಮಾಡುವಾಗ ನಿಮ್ಮ ಹೆಸರಿನಲ್ಲಿ ಒಂದು ಹಿಡಿ ನಾನು ಹಾಕಿದೆ.

ನಿಮ್ಮ ಮಗಳು ಬದುಕಿದ್ದಾಳೆ. ತಂತಿಯಲ್ಲಿ ಅದನ್ನು ಬರೆಸಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಸಾಲಹಳ್ಳಿಯಿಂದ ಬಂದ ನಿಮ್ಮ ತಾಯಿ ಸುಂದರವ್ವ ಅತ್ತಿ ಅಕ್ಕನ ಮುಖ ಹಿಡಿದುಕೊಂಡು ಅತ್ತರು. ಕೂಸಿನ ಮುಖ ನೋಡದೆ ಎದ್ದುಹೋದರು. "ಹುಟ್ಟಿದಕೂಡ್ಲೆ ಹಡದಾಕಿನ್ನ ತಿಂತು. ನನ್ನ ಮಗಾ ಗುಂಡಿನ ಬಾಯಾಗ ಅದಾನ. ಇದನ್ನ ಮನಿಯೊಳಗ ತಗೊಂಡ್ರ ಅವನ್ನೂ ತಿಂತೈತಿ" ಎಂದರು. ಅವರ ಕಡೆಯಿಂದಲೂ ನಿಮಗೆ ಪತ್ರ ಬರುತ್ತದೆ. ಆಸ್ಪತ್ರೆಯ ಸೂಜಿ ಅಕ್ಕನನ್ನು ಕೊಂದಿತು, ಕೂಸಿನ ಕಾಲ್ಗುಣ ಕೆಟ್ಟದ್ದು ಎಂದು ಅದರಲ್ಲಿರುತ್ತದೆ. ಅದನ್ನು ನಂಬುವ ಮೊದಲು ಇದನ್ನು ಓದಿ. ಓದಿದ ಮೇಲೆ ನಿಮ್ಮ ಕೈಯಿಂದ ಒಂದೇ ಸಾಲು ಬರೆದು ಸಾಲಹಳ್ಳಿಗೆ ಕಳಿಸಿ: ಇವಳು ನನ್ನ ಮಗಳು, ಮನೆಗೆ ಕರೆದುತನ್ನಿ. ನಾನು ಕೇಳುವುದು ಇಷ್ಟೇ.

ಮಂದಿಯ ವಾದದಲ್ಲಿ ತಪ್ಪು ಹಿಡಿಯಲು ಕಲಿಸುವ, ಧಾರವಾಡದಿಂದ ತರಿಸುವ ನನ್ನ ಪುಸ್ತಿಕೆಗಳನ್ನು ನೋಡಿ "ಎರಡ ರೂಪಾಯಿ ವಕೀಲಬಾಯಿ" ಎಂದು ನೀವು ಕಾಡಿಸುತ್ತಿದ್ದಿರಿ. ಅಕ್ಕ ಒಂದನ್ನೂ ಓದಿದವಳಲ್ಲ. ಆದರೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಮೊಳಕಾಲು ಮುಟ್ಟುವ ಕೂದಲಿನ ಹೆಂಗಸು ಎಣ್ಣೆಯ ಬಾಟಲಿ ಹಿಡಿದು ನಿಂತದ್ದನ್ನು ನೋಡಿ ಅವಳು ಏನೆಂದಳು ಗೊತ್ತೇ? "ಆ ಎಣ್ಣಿ ಹಚ್ಚಿ ಕೂದಲಾ ಬಂದಿಲ್ಲವಾ. ಕೂದಲಾ ಇದ್ದಾಕಿನ್ನ ಹುಡುಕಿ ಎಣ್ಣಿ ಕೈಯಾಗ ಕೊಟ್ಟಾರ." ನನ್ನ ಪುಸ್ತಿಕೆಗೆ ಅದನ್ನು ಹೇಳಲು ಎರಡು ಪುಟ ಬೇಕಾಗಿತ್ತು.

ಚೊಚ್ಚಿಲ ಬಸುರಿನ ಕುಬಸ ಮುಗಿಸಿ ತವರಿಗೆ ಬಂದವಳು ಚೆನ್ನಾಗಿಯೇ ಇದ್ದಳು. ಜೂನ್ ಮೊದಲಿಗೆ ಊಟ ಬಿಟ್ಟಳು, ಆಮೇಲೆ ಕಣ್ಣು ಹಳದಿಯಾದವು. ಊರಿಗೆಲ್ಲ ಗೊತ್ತಿರುವ ಕಾಮಾಲೆ. ಅಪ್ಪ ನೇರವಾಗಿ ಶಟ್ಟೆಪ್ಪಜ್ಜನ ಕಟ್ಟೆಗೆ ಕರೆದುಕೊಂಡು ಹೋದರು. ಅಜ್ಜ ಸೊಪ್ಪಿನ ರಸವನ್ನು ಮಜ್ಜಿಗೆಯಲ್ಲಿ ಕಲಸಿ ಮೂರು ಭಾನುವಾರ ಕೊಡುತ್ತಾನೆ. ಪೈಸೆ ಮುಟ್ಟುವುದಿಲ್ಲ. ಅವನ ಕಟ್ಟಳೆ ಎರಡೇ, ಎಣ್ಣೆ ತಿನ್ನಬಾರದು, ಸೂಜಿ ಮಾಡಿಸಬಾರದು.

ಬಸುರಿಗೆ ಕಾಮಾಲೆಯಾದರೆ ಅಪಾಯ, ಡಾಕ್ಟರಿಗೆ ತೋರಿಸೋಣ ಎಂದು ನಾನು ಆ ಕಟ್ಟೆಯ ಮೇಲೆಯೇ ಹೇಳಿದೆ. ಅಪ್ಪನ ಬಳಿ ಉತ್ತರ ಸಿದ್ಧವಿತ್ತು. "ಭರಮಪ್ಪಗ ಸೂಜಿ ಮಾಡಿಸಿದ್ರು, ಸತ್ತ. ಪರಸಪ್ಪನ ಸೊಸಿನ್ನ ಬೆಳಗಾವಿಗಿ ಒಯ್ದ್ರು, ಹೆಣಾ ತಂದ್ರು. ಅಜ್ಜನ ಕಡೆ ಬಂದಾವ್ರು ಎಲ್ಲಾರೂ ತಿರಗ್ಯಾಡಾಕ ಹತ್ಯಾರ." ಇಬ್ಬರೂ ಮೊದಲು ಅಜ್ಜನ ಮಜ್ಜಿಗೆ ಕುಡಿದವರೇ, ಮಾಮಾ. ಎಚ್ಚರ ತಪ್ಪಿದ ಮೇಲೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಹಗುರ ರೋಗ ತಾನಾಗಿ ವಾಸಿಯಾಗಿ ಅಜ್ಜನ ಲೆಕ್ಕಕ್ಕೆ ಸೇರುತ್ತದೆ, ಸಾಯುವ ರೋಗ ಕೊನೆಗೆ ಆಸ್ಪತ್ರೆಯ ಲೆಕ್ಕಕ್ಕೆ ಬೀಳುತ್ತದೆ. ನಾನು ದನಿ ಏರಿಸಿ ಕೇಳಿದೆ: "ಹಲಗಿ ಬಾರಿಸಿದ ಮನ್ಯಾಗೆಲ್ಲಾ ಹೆಣಾ ಇರ್ತೈತಿ. ಹಂಗಾರ ಹಲಗಿನ ಕೊಂದೈತೇನಪಾ?"

ಕಟ್ಟೆಯ ಮೇಲಿದ್ದ ಮಂದಿ ಗೊಳ್ಳೆಂದು ನಕ್ಕರು. ಶಟ್ಟೆಪ್ಪಜ್ಜನೂ ನಕ್ಕ. "ಮಡಿವಾಳೆಪ್ಪಾ, ನಿನ್ನ ಮಗಳ ಮುಂದ ನಾವೆಲ್ಲಾ ಸಾಲಿ ಕಲೀಬೇಕ ನೋಡು" ಎಂದ. ಅಪ್ಪ ಒಬ್ಬರೇ ನಗಲಿಲ್ಲ. ಮನೆಗೆ ಬಂದು, "ಮಂದ್ಯಾಗ ನನ್ನ ಮಾರಿ ತೆಗದಿ. ಇನ್ನ ನಾ ಇರೂತನಕ ಆಕಿಗಿ ಸೂಜಿ ಇಲ್ಲ" ಎಂದರು. ವಾದ ಗೆದ್ದವರಿಗೆ ಆಸ್ಪತ್ರೆಗೆ ಹೋಗಲು ಗಾಡಿ ಸಿಗುವುದಿಲ್ಲ ಎಂದು ಯಾವ ಪುಸ್ತಿಕೆಯೂ ನನಗೆ ಹೇಳಿರಲಿಲ್ಲ.

ಅವ್ವ ಒಂದೇ ಮಾತು ಹಿಡಿದಳು: ರೊಕ್ಕ ಮುಟ್ಟದವನು ಸುಳ್ಳು ಏಕೆ ಹೇಳುತ್ತಾನೆ? ಅಜ್ಜ ಸುಳ್ಳು ಹೇಳುತ್ತಿಲ್ಲ, ಅವನಿಗೆ ತನ್ನ ಸೊಪ್ಪಿನ ಮೇಲೆ ನಂಬಿಕೆಯಿದೆ. ಪ್ರಾಮಾಣಿಕರೂ ತಪ್ಪುತ್ತಾರೆ ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು.

ಕೊನೆಗೆ ಅಕ್ಕನ ಹತ್ತಿರ ಕೂತೆ. ಎಣ್ಣೆಯ ಬಾಟಲಿಯನ್ನು ನೆನಪಿಸಿ, ಅಜ್ಜನ ಹತ್ತಿರ ವಾಸಿಯಾದವರ ಮಾತೂ ಹಾಗೆಯೇ ಎಂದೆ. ಅವಳು ನನ್ನ ಕೈ ಹಿಡಿದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಿಂದು ಖರೇನ ಇರಬಹುದವಾ. ಆದ್ರ ಸೂಜಿ ಚುಚ್ಚಿಸ್ಕೊಳ್ಳಾಕಿ ನೀ ಅಲ್ಲ, ನಾನು. ನನಗ ಅಂಜಿಕಿ ಬರಾಕ ಹತ್ತೈತಿ." ಅಂಜಿಕೆಗೆ ನಾನು ತರ್ಕವನ್ನೇ ಕೊಟ್ಟೆ. ಸುಮ್ಮನೆ ತಬ್ಬಿಕೊಂಡು ಕೂತಿದ್ದರೆ ಬರುತ್ತಿದ್ದಳೋ ಏನೋ.

ಮೂರನೆಯ ಭಾನುವಾರಕ್ಕೆ ಮೊದಲೇ ಅವಳ ಮಾತು ತೊದಲಿತು, ಅವ್ವನನ್ನೇ ಯಾರೆಂದು ಕೇಳಿದಳು. ಆಗ ಅವ್ವ ಅಪ್ಪನನ್ನು ದಾಟಿಕೊಂಡು ಪಕ್ಕದ ಮನೆಗೆ ಓಡಿ ಇಸ್ಮಾಯಿಲಸಾಬರ ಟೆಂಪೋ ತೆಗೆಸಿದಳು. ಬೈಲಹೊಂಗಲದ ಡಾಕ್ಟರು ನೋಡಿ ನಿಂತ ಕಾಲಲ್ಲೇ ಬೆಳಗಾವಿಗೆ ಕಳಿಸಿದರು. ಅಲ್ಲಿ ಕೂಸು ಹುಟ್ಟಿತು, ದಿನ ತುಂಬುವ ಮೊದಲೇ, ಒಂದು ಹಿಡಿಯಷ್ಟು. ಅಕ್ಕ ಅದರ ಅಳು ಕೇಳಲಿಲ್ಲ. ಕಣ್ಣು ತೆರೆಯಲೇ ಇಲ್ಲ.

ಬೇಗ ಹೋಗಿದ್ದರೆ ಖಂಡಿತ ಉಳಿಯುತ್ತಿದ್ದಳು ಎಂದು ನಾನು ಬರೆಯಲಾರೆ. ಡಾಕ್ಟರೂ ಹಾಗೆ ಹೇಳಲಿಲ್ಲ. ದಾರಿ ಇತ್ತು, ಬರುವುದರೊಳಗೆ ಮುಚ್ಚಿತು ಎಂದರು. ಅದಕ್ಕಿಂತ ಹೆಚ್ಚು ಹೇಳಿದರೆ ನಾನೂ ಕಟ್ಟೆಯ ಮಂದಿಯೇ ಆದೆ.

ಸೂಜಿಯಿಂದ ಸತ್ತವರೆಂಬ ಊರಿನ ಲೆಕ್ಕಕ್ಕೆ ಈಗ ಮೂರನೆಯ ಹೆಸರು ಸಿಕ್ಕಿದೆ. ಮೊನ್ನೆ ಒಬ್ಬರು ಕಣ್ಣು ಹಳದಿಯಾದ ಮಗನನ್ನು ಕರೆದುಕೊಂಡು ಬಂದು ಏನು ಮಾಡೋಣವೆಂದು ಅಪ್ಪನನ್ನು ಕೇಳಿದರು. ಅಪ್ಪ ಅತ್ತರು. ಅಳುತ್ತಲೇ ಹೇಳಿದರು: "ಸೂಜಿ ಮಾತ್ರ ಮಾಡಿಸಬ್ಯಾಡ್ರಿ. ನನ್ನ ಮಗಳನ್ನ ನೋಡ್ರಿ." ನಾನು ಒಳಗಿನಿಂದ ಕೇಳಿದೆ, ಹೊರಗೆ ಬರಲಿಲ್ಲ. ಸತ್ತ ಅಕ್ಕನೇ ಇನ್ನೊಬ್ಬರ ದಾರಿಗೆ ಅಡ್ಡ ನಿಂತಳಲ್ಲ ಎಂದು ಗೋಡೆಗೆ ತಲೆ ಇಟ್ಟುಕೊಂಡು ನಿಂತೆ.

ಇನ್ನು ನಿಮ್ಮ ಮಗಳ ಮಾತು. ಒಂದಾದ ಮೇಲೆ ಒಂದು ನಡೆದರೆ ಮೊದಲಿನದೇ ಕಾರಣ ಎನ್ನುವುದು ನಮ್ಮ ಮಂದಿಯ ಹಳೆಯ ರೋಗ. ಇಲ್ಲಿ ಅದೂ ಸರಿಹೊಂದುವುದಿಲ್ಲ. ಹುಟ್ಟುವುದಕ್ಕಿಂತ ಮೊದಲೇ ಕಾಮಾಲೆ ಬಂದಿತ್ತು. ಹೊಟ್ಟೆಯಲ್ಲಿದ್ದ ಕೂಸು ರೋಗಕ್ಕೆ ಸಿಕ್ಕಿಯೂ ಗೆದ್ದು ಬಂತು. ಈಗ ಇಸ್ಮಾಯಿಲಸಾಬರ ಸೊಸೆ ಮೆಹೆರಾಜ ತನ್ನ ಕೂಸಿನ ಜೊತೆ ಇವಳಿಗೂ ಹಾಲು ಕೊಡುತ್ತಾಳೆ. ಮೆಹೆರಾಜಳನ್ನು ಇವಳು ತಿಂದಿಲ್ಲ.

ನೀವು ಸುಖವಾಗಿ ತಿರುಗಿ ಬಂದರೆ, ಕೂಸನ್ನು ದೂರ ಇಟ್ಟದ್ದಕ್ಕೇ ಬಂದಿರಿ ಎನ್ನುತ್ತಾರೆ. ಇನ್ನೊಂದನ್ನು ನಾನು ಬರೆಯುವುದಿಲ್ಲ, ಆದರೆ ಅದಕ್ಕೂ ಕೂಸನ್ನೇ ತೋರಿಸುತ್ತಾರೆ. ಏನೇ ಆದರೂ ಸೋಲದ ಮಾತನ್ನು ನಿಜವೆಂದು ಹೇಗೆ ನಂಬುವುದು? ಅತ್ತಿಯನ್ನು ನಾನು ಕೆಟ್ಟವರೆನ್ನುವುದಿಲ್ಲ. ರೇಡಿಯೋದ ಮುಂದೆ ಕೈಮುಗಿದು ಕೂತು ಯುದ್ಧದ ಸುದ್ದಿ ಕೇಳುತ್ತಾರಂತೆ. ಅವರ ಅಂಜಿಕೆಗೆ ಒಂದು ಮುಖ ಬೇಕಾಗಿತ್ತು, ನಿಮ್ಮ ಮಗಳದು ಸಿಕ್ಕಿತು. ನನ್ನ ಮಾತು ಅವರು ಕೇಳುವುದಿಲ್ಲ, ನಿಮ್ಮ ಅಕ್ಷರ ಕಂಡರೆ ಕೇಳುತ್ತಾರೆ.

ಅವಳ ಮೂಗು ನಿಮ್ಮದು, ಮಾಮಾ. ಜೋಪಾನವಾಗಿರಿ.

ಇತಿ ನಿಮ್ಮ ನಾದಿನಿ,
ಶೀತಲ

ತಾ.ಕ. — ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸೋಮವಾರ ಅತ್ತಿ ನಿಮ್ಮ ಮನೆಯ ಪೂಜೆ-ಶಾಸ್ತ್ರ ನಡೆಸುವ ಅಯ್ಯನವರಾದ ಗಂಗಯ್ಯನವರನ್ನು ಕರೆದುಕೊಂಡು ಮತ್ತೆ ಬಂದಿದ್ದರು. ಕೂಸಿಗೆ ತಾಯಿ ಬಂದರೆ ದೋಷ ಹರಿಯುತ್ತದಂತೆ. "ಇಲ್ಲಾ ಶೀತಲ ನಮ್ಮ ಸೊಸಿ ಆಗಿ ಇದನ್ನ ಎತಗೊಂಡ ಬರ್ಲಿ, ಇಲ್ಲಾ ಅನಾಥಾಶ್ರಮಕ್ಕ ಕೊಟ್ಟ ಬಿಡ್ರಿ, ಮೂರನೇ ದಾರಿ ಇಲ್ಲ" ಎಂದರು ಅತ್ತಿ. ಎರಡೇ ಬಾಗಿಲು ತೋರಿಸಿ ಉಳಿದವನ್ನು ಮುಚ್ಚುವ ಈ ವಾದ ನನಗೆ ಬಾಯಿಪಾಠವಿದೆ. ಆದರೆ ಕೂಸನ್ನು ಒಯ್ಯಲು ಬಟ್ಟೆ ಸುತ್ತುತ್ತಿದ್ದರು. ನಿಮ್ಮನ್ನು ಮದುವೆಯಾಗಲು ನಾನು ಹೂಂ ಅಂದೆ. "ಈಗ ನಿನಗ ಬುದ್ಧಿ ಬಂತು" ಎಂದು ಅಪ್ಪ ನನ್ನ ತಲೆ ಮುಟ್ಟಿದರು. ನಿಮ್ಮ ಒಪ್ಪಿಗೆ ಕೇಳುವುದಷ್ಟೇ ಉಳಿದಿದೆ. ಮಗಳನ್ನು ಒಪ್ಪಿಕೊಳ್ಳಿ, ಮಾಮಾ, ನನ್ನನ್ನು ಒಪ್ಪಬೇಡಿ. ಇಲ್ಲ ಎನ್ನುವುದು ಇನ್ನು ನನ್ನ ಬಾಯಿಂದ ಆಗದು. ನೀವು ಬರೆಯಿರಿ.